ಮೊದಲ ಬ್ಯಾಂಡ್‌ಗ್ಯಾಪ್: ಸ್ಪೆಕ್ ಕೈಗೆ ಬಂದ ದಿನದಿಂದ ಲ್ಯಾಬ್ ಟೇಬಲ್‌ವರೆಗೆ

ಕೆಲಸಕ್ಕೆ ಸೇರಿದ ಮೂರನೇ ವಾರ ನನ್ನ ಲೀಡ್ ಒಂದು ಹಾಳೆ ಕೈಗಿಟ್ಟರು. ಅದರಲ್ಲಿ ಎಂಟು ಸಾಲಿನ ಸ್ಪೆಕ್, ಅಂದರೆ ಸರ್ಕ್ಯೂಟ್ ಹೇಗಿರಬೇಕು ಅನ್ನುವ ಷರತ್ತುಗಳು. ಬೇಕಿದ್ದದ್ದು ಬ್ಯಾಂಡ್‌ಗ್ಯಾಪ್, ಚಿಪ್‌ನೊಳಗೆ ಬದಲಾಗದ ಒಂದು ವೋಲ್ಟೇಜ್ ಕೊಡುವ ಸರ್ಕ್ಯೂಟ್. "ಈ ಬ್ಯಾಂಡ್‌ಗ್ಯಾಪ್ ನೀನು ಮಾಡು. ಆದರೆ ಎರಡು ದಿನ ಸಿಮ್ಯುಲೇಟರ್ ತೆರೆಯಬೇಡ" ಅಂದರು. ನನಗೆ ಒಳಗೊಳಗೇ ಬೇಜಾರು. ಅಷ್ಟು ದುಬಾರಿ ಸಾಫ್ಟ್‌ವೇರ್ ಇಟ್ಟುಕೊಂಡು ಪೆನ್ನು ಪೇಪರ್ ಯಾಕೆ? ಆ ಎರಡು ದಿನ ಯಾಕೆ ಬೇಕಿತ್ತು ಅನ್ನೋದು ಚಿಪ್ ವಾಪಸ್ ಬಂದ ದಿನ ಗೊತ್ತಾಯಿತು. ಆ ಕಥೆ ಕೊನೆಯಲ್ಲಿ ಹೇಳುತ್ತೇನೆ.

ಇದು ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಮುಗಿಸಿ ಅನಲಾಗ್ ಡಿಸೈನ್ ಕಡೆ ಬರಬೇಕು ಅನ್ನುವವರಿಗೆ, ಅಥವಾ ಈಗಷ್ಟೇ ಸೇರಿ ಮೊದಲ ಬ್ಲಾಕ್ ಕೈಗೆ ಬಂದು ಗಾಬರಿಯಾದವರಿಗೆ. "ಅನಲಾಗ್ ಎಂಜಿನಿಯರ್ ಏನು ಮಾಡುತ್ತಾರೆ" ಅಂತ ಮೇಲ್ಮೇಲೆ ಹೇಳುವ ಬದಲು ಒಂದೇ ಬ್ಲಾಕ್ ಹಿಡಿದು ಕೊನೆವರೆಗೂ ಹೋಗೋಣ. ಬ್ಯಾಂಡ್‌ಗ್ಯಾಪ್ ಯಾಕೆ ಆರಿಸಿದೆ ಅಂದರೆ ಅದು ಚಿಕ್ಕದು. ಕಾಗದದ ಮೇಲೆ ಲೆಕ್ಕ ಹಾಕಬಹುದು. ಆದರೂ ಅನಲಾಗ್‌ನ ತಲೆನೋವುಗಳೆಲ್ಲ ಅದರೊಳಗೇ ಇವೆ.

ಮನೆಯಲ್ಲೇ ಶುರು ಮಾಡಲು ಏನು ಬೇಕು?

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದು ಡಿಸೈನ್ ಕೇಂದ್ರ ತೆರೆಯಿತು. ಅಲ್ಲಿಂದ ಇಲ್ಲಿವರೆಗೆ ಈ ಊರಲ್ಲಿ ಅನಲಾಗ್ ಕೆಲಸಕ್ಕೆ ಕೊರತೆ ಇಲ್ಲ. ಆದರೆ ಬಹಳ ಕಾಲ ಕಂಪನಿಯ ಒಳಗೆ ಹೋಗದೆ ಕಲಿಯುವ ದಾರಿ ಇರಲಿಲ್ಲ. ಫೌಂಡ್ರಿಯವರ (ಚಿಪ್ ತಯಾರಿಸುವ ಕಾರ್ಖಾನೆಯವರ) ಟ್ರಾನ್ಸಿಸ್ಟರ್ ಮಾಡೆಲ್‌ಗಳು ಬೇಕೆಂದರೆ ಗುಟ್ಟು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. 2020ರಲ್ಲಿ ಗೂಗಲ್ ಮತ್ತು ಅಮೆರಿಕದ ಸ್ಕೈವಾಟರ್ ಸೇರಿ 130 ನ್ಯಾನೋಮೀಟರ್ ಪಿಡಿಕೆಯನ್ನು (ಆ ಮಾಡೆಲ್‌ಗಳು, ಲೇಔಟ್ ನಿಯಮಗಳು ಇರುವ ಕಡತಗಳ ಗಂಟನ್ನು) ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ ಆ ಬೇಲಿ ಮುರಿಯಿತು.

ಹಾಗಾಗಿ ಒಂದು ಸಾಧಾರಣ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ. ಸ್ಕೀಮ್ಯಾಟಿಕ್ ಬರೆಯಲು ಎಕ್ಸ್‌ಸ್ಕೀಮ್, ಸಿಮ್ಯುಲೇಶನ್‌ಗೆ ಎನ್‌ಜಿಸ್ಪೈಸ್, ಲೇಔಟ್‌ಗೆ, ಅಂದರೆ ಸಿಲಿಕಾನ್ ಮೇಲಿನ ನಕ್ಷೆಗೆ, ಮ್ಯಾಜಿಕ್ ಅಥವಾ ಕೆಲೇಔಟ್, ಲೇಔಟೂ ಸ್ಕೀಮ್ಯಾಟಿಕ್ಕೂ ಒಂದೇನಾ ಅಂತ ತಾಳೆ ನೋಡಲು ನೆಟ್‌ಜೆನ್. ಎಲ್ಲವೂ ಉಚಿತ. ಕಾಲೇಜಿನಲ್ಲಿ ಇರುವವರು ಇನ್ನೊಂದು ವಿಚಾರಿಸಿ. ಕೇಂದ್ರ ಸರ್ಕಾರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆಯಲ್ಲಿ ಬೆಂಗಳೂರಿನ ಸಿ-ಡ್ಯಾಕ್‌ನ ಚಿಪ್‌ಇನ್ ಕೇಂದ್ರದ ಮೂಲಕ ಕಾಲೇಜುಗಳಿಗೆ ಕಂಪನಿಗಳು ಬಳಸುವ ಟೂಲ್‌ಗಳೇ ಸಿಗುತ್ತವೆ. ನಿಮ್ಮ ಕಾಲೇಜು ಅದರಲ್ಲಿದೆಯೋ ಕೇಳಿ ನೋಡಿ. ಥಿಯರಿಗೆ ಎನ್‌ಪಿಟಿಇಎಲ್ ಆನ್‌ಲೈನ್ ತಾಣದಲ್ಲಿ ಐಐಟಿ ಮದ್ರಾಸಿನ ಅನಲಾಗ್ ಪಾಠಗಳಿವೆ. ಕೋಚಿಂಗ್ ಸೆಂಟರಿಗೆ ದುಡ್ಡು ಸುರಿಯುವ ಮೊದಲು ಅವನ್ನು ನೋಡಿ ಮುಗಿಸಿ.

ಹಂತ 1: ಸ್ಪೆಕ್ ಓದುವುದು, ಸುಮ್ನೆ ಅಲ್ಲ

ಬ್ಯಾಂಡ್‌ಗ್ಯಾಪ್ ಅಂದರೆ ಚಿಪ್‌ನೊಳಗಿನ ಅಳತೆಗೋಲು. ಚಳಿಯಿರಲಿ ಬಿಸಿಯಿರಲಿ, ಸಪ್ಲೈ ಹೆಚ್ಚಲಿ ಕಡಿಮೆಯಾಗಲಿ, ಅದು ಒಂದೇ ವೋಲ್ಟೇಜ್ ಕೊಡುತ್ತಿರಬೇಕು. 1.2 ವೋಲ್ಟ್ ರೆಫರೆನ್ಸ್ ಇಟ್ಟುಕೊಂಡ 12 ಬಿಟ್ ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿಸುವ ಸರ್ಕ್ಯೂಟ್‌ನ) ಒಂದು ಮೆಟ್ಟಿಲು 0.29 ಮಿಲಿವೋಲ್ಟ್ ಮಾತ್ರ. ಅಳತೆಗೋಲೇ ಹಿಗ್ಗಿ ಕುಗ್ಗಿದರೆ ಎಡಿಸಿ ಎಷ್ಟು ಚೆನ್ನಾಗಿದ್ದರೇನು?

ನಮ್ಮ ಉದಾಹರಣೆಯ ಸ್ಪೆಕ್ ಹೀಗಿದೆ. ಸಪ್ಲೈ 1.62ರಿಂದ 1.98 ವೋಲ್ಟ್. ತಾಪಮಾನ ಮೈನಸ್ 40ರಿಂದ 125 ಡಿಗ್ರಿ. ಔಟ್‌ಪುಟ್ ಸುಮಾರು 1.22 ವೋಲ್ಟ್. ಪ್ರತಿ ಡಿಗ್ರಿಗೆ 25 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 25 ಪಾಲಿಗಿಂತ) ಜಾಸ್ತಿ ಬದಲಾಗಬಾರದು.

ಈ "25 ಪಿಪಿಎಂ" ಅನ್ನು ಹಾಗೇ ಬಿಡಬೇಡಿ. ಮಿಲಿವೋಲ್ಟ್‌ಗೆ ತನ್ನಿ. 1.22 ವೋಲ್ಟ್, 165 ಡಿಗ್ರಿ, 25 ಪಿಪಿಎಂ ಗುಣಿಸಿದರೆ 5 ಮಿಲಿವೋಲ್ಟ್. ಅಂದರೆ ಚಳಿಯಿಂದ ಬಿಸಿವರೆಗೆ ಒಟ್ಟು 5 ಮಿಲಿವೋಲ್ಟ್ ಮಾತ್ರ ಓಡಾಡಬಹುದು. ಇದು ನಿಮ್ಮ ತಿಂಗಳ ಸಂಬಳ ಅಂದುಕೊಳ್ಳಿ. ಬಾಡಿಗೆ, ಹಾಲು, ಕರೆಂಟ್ ಬಿಲ್ ಎಲ್ಲ ಇದರಲ್ಲೇ ಆಗಬೇಕು. ಇನ್ನು ಮುಂದೆ ಎಲ್ಲ ಹಂತದಲ್ಲೂ "ಇದು ಎಷ್ಟು ಮಿಲಿವೋಲ್ಟ್ ತಿನ್ನುತ್ತದೆ" ಅಂತ ಕೇಳುತ್ತಲೇ ಇರುತ್ತೇವೆ.

ಸ್ಪೆಕ್‌ನಲ್ಲಿ ಬರೆಯದೆ ಇರುವುದನ್ನೂ ಕೇಳಿ. ಇದರ ಔಟ್‌ಪುಟ್ ಯಾರು ತೆಗೆದುಕೊಳ್ಳುತ್ತಾರೆ? ಅವರು ಕರೆಂಟ್ ಎಳೆಯುತ್ತಾರಾ? ಆನ್ ಆದ ಎಷ್ಟು ಹೊತ್ತಿಗೆ ಬೇಕು? ಮೊದಲ ವಾರದಲ್ಲಿ ಕೇಳಿದರೆ ದಡ್ಡ ಪ್ರಶ್ನೆ ಅನ್ನಿಸಬಹುದು. ಟೇಪ್‌ಔಟ್ ವಾರದಲ್ಲಿ, ಅಂದರೆ ಡಿಸೈನ್ ಫೌಂಡ್ರಿಗೆ ಹೋಗುವ ವಾರದಲ್ಲಿ, ಕೇಳಿದರೆ ಮೀಟಿಂಗ್ ಕರೆಯುತ್ತಾರೆ.

ಹಂತ 2: ಕೈಲೆಕ್ಕ

ಉಪಾಯ ಹಳೆಯದು. ಫೇರ್‌ಚೈಲ್ಡ್‌ನ ಹಿಲ್ಬೈಬರ್ 1964ರಲ್ಲಿ ಇದರ ಮೊದಲ ರೂಪ ತೋರಿಸಿದರು. ಬಾಬ್ ವಿಡ್ಲರ್ 1971ರ ಹೊತ್ತಿಗೆ ಅದನ್ನು ಚಿಪ್ ಮೇಲೆ ತಂದರು. ಪಾಲ್ ಬ್ರೋಕಾ 1974ರಲ್ಲಿ ತಮ್ಮದೇ ಸರ್ಕ್ಯೂಟ್ ಕೊಟ್ಟರು. ಒಳಗಿನ ತತ್ವ ಇವತ್ತಿಗೂ ಅದೇ.

ಬೈಪೋಲಾರ್ ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್ ವೋಲ್ಟೇಜ್ ಬಿಸಿಯಾದಂತೆ ಇಳಿಯುತ್ತದೆ, ಡಿಗ್ರಿಗೆ ಸುಮಾರು 1.8 ಮಿಲಿವೋಲ್ಟ್‌ನಂತೆ. ಅದೇ ಎರಡು ಟ್ರಾನ್ಸಿಸ್ಟರ್ ತೆಗೆದುಕೊಂಡು, ಒಂದನ್ನು ಎಂಟು ಪಟ್ಟು ದೊಡ್ಡದು ಮಾಡಿ ಎರಡಕ್ಕೂ ಒಂದೇ ಕರೆಂಟ್ ಬಿಟ್ಟರೆ, ಅವುಗಳ ವೋಲ್ಟೇಜ್ ನಡುವಿನ ವ್ಯತ್ಯಾಸ ಬಿಸಿಯಾದಂತೆ ಏರುತ್ತದೆ. ಇಳಿಯುವುದಕ್ಕೆ ಏರುವುದನ್ನು ಸರಿಯಾದ ಪ್ರಮಾಣದಲ್ಲಿ ಕೂಡಿಸಿದರೆ ತಕ್ಕಡಿ ಸಮ.

ಈಗ ಅಂಕಿಗಳು. 27 ಡಿಗ್ರಿಯಲ್ಲಿ ಥರ್ಮಲ್ ವೋಲ್ಟೇಜ್ 25.9 ಮಿಲಿವೋಲ್ಟ್. ಎಂಟರ ನ್ಯಾಚುರಲ್ ಲಾಗ್ 2.08. ಗುಣಿಸಿದರೆ ವ್ಯತ್ಯಾಸ 53.8 ಮಿಲಿವೋಲ್ಟ್, ಅದು ಡಿಗ್ರಿಗೆ 0.18 ಮಿಲಿವೋಲ್ಟ್ ಏರುತ್ತದೆ. ಇಳಿತ 1.8, ಏರಿಕೆ 0.18. ಹತ್ತು ಪಟ್ಟು ಮಾಡಿದರೆ ಎರಡೂ ಸಮ. ಈ ಹತ್ತು ಅನ್ನುವ ಸಂಖ್ಯೆಯನ್ನು ನೆನಪಿಡಿ. ಮುಂದೆ ನಮ್ಮನ್ನು ಕಾಡುವುದೂ ಅದೇ.

ಸರ್ಕ್ಯೂಟ್‌ಗೆ ಮೂರು ಕವಲು: ಒಂದರಲ್ಲಿ ಬರೀ ಟ್ರಾನ್ಸಿಸ್ಟರ್, ಇನ್ನೊಂದರಲ್ಲಿ ಎಂಟು ಪಟ್ಟಿನದು ಮತ್ತು ಆ ವ್ಯತ್ಯಾಸ ಬೀಳುವ ಚಿಕ್ಕ ರೆಸಿಸ್ಟರ್, ಮೂರನೆಯದು ಔಟ್‌ಪುಟ್. ಒಂದೊಂದು ಕವಲಿಗೆ 5 ಮೈಕ್ರೋಆಂಪ್ ಕೊಡೋಣ. ಚಿಕ್ಕ ರೆಸಿಸ್ಟರ್ 10.8 ಕಿಲೋಓಮ್, ದೊಡ್ಡದು ಅದರ ಹತ್ತು ಪಟ್ಟು, 108 ಕಿಲೋಓಮ್. ಔಟ್‌ಪುಟ್ ಕವಲಿನಲ್ಲಿ ದೊಡ್ಡ ರೆಸಿಸ್ಟರ್ ಮೇಲೆ 0.54 ವೋಲ್ಟ್, ಕೆಳಗಿನ ಟ್ರಾನ್ಸಿಸ್ಟರ್ ಮೇಲೆ 0.68. ಕೂಡಿದರೆ 1.22.

ರೆಸಿಸ್ಟರ್‌ಗಳು ತಯಾರಿಕೆಯಲ್ಲಿ 15–20 ಪ್ರತಿಶತ ಅತ್ತಿತ್ತ ಆಗುತ್ತವೆ ಅಂತ ಹೆದರಬೇಡಿ. ಎರಡೂ ಒಟ್ಟಿಗೆ ಆಗುತ್ತವೆ. ನಮಗೆ ಬೇಕಾದ್ದು ಅನುಪಾತ. ಒಂದೇ ಅಳತೆಯ ತುಂಡುಗಳಿಂದ ಎರಡನ್ನೂ ಕಟ್ಟಿದರೆ ಅನುಪಾತ ಕೆಡುವುದಿಲ್ಲ. 10.8ಕ್ಕೆ ಎರಡು ತುಂಡು, 108ಕ್ಕೆ ಇಪ್ಪತ್ತು ತುಂಡು.

ಇಳಿತ ಪೂರ್ತಿ ನೇರ ಗೆರೆಯಲ್ಲ, ಸ್ವಲ್ಪ ಬಾಗಿದೆ. ಹಾಗಾಗಿ ತಾಪಮಾನಕ್ಕೆ ಔಟ್‌ಪುಟ್ ಗ್ರಾಫ್ ಬರೆದರೆ ಬೋರಲು ಹಾಕಿದ ಬಟ್ಟಲಿನಂತೆ ಕಾಣುತ್ತದೆ. ಆ ಬಾಗು ಒಂದೇ ಸುಮಾರು 3 ಮಿಲಿವೋಲ್ಟ್ ತಿನ್ನುತ್ತದೆ. ಐದರಲ್ಲಿ ಮೂರು ಹೋಯಿತು. ಇನ್ನೂ ಒಂದು ಮಾಸ್‌ಫೆಟ್ ಕೂಡ ಇಟ್ಟಿಲ್ಲ ನಾವು!

ಸಿಮ್ಯುಲೇಶನ್‌ನಲ್ಲಿ ಬಟ್ಟಲಿನ ಬದಲು ಮೇಲಕ್ಕೆ ಏರುವ ಗೆರೆ ಬಂದರೆ ದೊಡ್ಡ ರೆಸಿಸ್ಟರ್ ಜಾಸ್ತಿಯಾಗಿದೆ. ಇಳಿಯುವ ಗೆರೆ ಬಂದರೆ ಕಡಿಮೆಯಾಗಿದೆ. ಒಂದೊಂದು ತುಂಡು ಹಾಕಿ ತೆಗೆದು ಬಟ್ಟಲಿನ ನೆತ್ತಿ ನಡು ತಾಪಮಾನಕ್ಕೆ ಬರುವಂತೆ ಮಾಡಿ.

ಹಂತ 3: ಆಪ್‌ಆಂಪ್, ಅಲ್ಲೇ ಎಲ್ಲರೂ ಎಡವುವುದು

ಮೊದಲ ಎರಡು ಕವಲುಗಳ ವೋಲ್ಟೇಜ್ ಸಮ ಇರಿಸಲು ಒಂದು ಆಪ್‌ಆಂಪ್ (ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಹಿಗ್ಗಿಸುವ ಆಂಪ್ಲಿಫೈಯರ್) ಬೇಕು. ಅದು ಮೂರು ಕವಲಿಗೂ ಮೇಲಿನಿಂದ ಕರೆಂಟ್ ಕೊಡುವ ಮೂರು ಪಿಮಾಸ್‌ಗಳ (ಒಂದು ಬಗೆಯ ಮಾಸ್‌ಫೆಟ್‌ಗಳ) ಗೇಟ್ ಅನ್ನು ಓಡಿಸುತ್ತದೆ. ಪ್ಲಸ್ ಮೈನಸ್ ಯಾವುದು ಎಲ್ಲಿಗೆ? ಚಿಕ್ಕ ರೆಸಿಸ್ಟರ್ ಇರುವ ಕವಲು ಪ್ಲಸ್‌ಗೆ, ಬರೀ ಟ್ರಾನ್ಸಿಸ್ಟರ್ ಇರುವ ಕವಲು ಮೈನಸ್‌ಗೆ. ಕಾರಣ, ಪಿಮಾಸ್ ಸಿಗ್ನಲ್ ಅನ್ನು ತಿರುಗಿಸುತ್ತದೆ. ರೆಸಿಸ್ಟರ್ ಇರುವ ಕಡೆ ಇಂಪೀಡೆನ್ಸ್ 16 ಕಿಲೋಓಮ್, ಇನ್ನೊಂದು ಕಡೆ 5.2. ಜಾಸ್ತಿ ಇರುವ ಕಡೆಯ ಲೂಪ್ ನೆಗೆಟಿವ್ ಆಗಿರಬೇಕು. ತಿರುಗುಮುರುಗು ಹಾಕಿದರೆ ಸರ್ಕ್ಯೂಟ್ ಒಂದು ಮೂಲೆಗೆ ಹೋಗಿ ಕೂತುಬಿಡುತ್ತದೆ.

ಆಪ್‌ಆಂಪ್‌ನ ಇನ್‌ಪುಟ್ ಪಿಮಾಸಾ ಎನ್‌ಮಾಸಾ? ಈ ಪ್ರಶ್ನೆಗೆ 27 ಡಿಗ್ರಿಯಲ್ಲಿ ಉತ್ತರ ಹುಡುಕಬೇಡಿ. ಮೈನಸ್ 40ರಲ್ಲಿ ಆ ನೋಡ್ 0.80 ವೋಲ್ಟ್‌ಗೆ ಏರಿರುತ್ತದೆ, 125ರಲ್ಲಿ 0.50ಕ್ಕೆ ಇಳಿದಿರುತ್ತದೆ. ಪಿಮಾಸ್ ಇಟ್ಟರೆ ಚಳಿಯಲ್ಲಿ 1.62 ಸಪ್ಲೈನಲ್ಲಿ ಮೇಲೆ ಉಳಿಯುವುದು 0.82 ವೋಲ್ಟ್. ಅಷ್ಟರಲ್ಲಿ ಇನ್‌ಪುಟ್ ಪಿಮಾಸ್‌ನ ಗೇಟ್-ಸೋರ್ಸ್ ವೋಲ್ಟೇಜ್ 0.65, ಟೈಲ್ ಕರೆಂಟ್ ಸೋರ್ಸ್‌ಗೆ 0.15. ಎರಡೂ ಸೇರಿ 0.80. ಉಳಿತಾಯ 20 ಮಿಲಿವೋಲ್ಟ್! ತುಂಬಿದ ಬಿಎಂಟಿಸಿ ಬಸ್ಸಿನ ಮೆಟ್ಟಿಲ ಮೇಲೆ ನಿಂತಂತೆ. ಇನ್‌ಪುಟ್ ಜೋಡಿಯನ್ನು ಇನ್ನೂ ಅಗಲ ಮಾಡಿ, ಅದು ಸಬ್‌ತ್ರೆಶೋಲ್ಡ್ (ಆನ್ ಆಗುವ ವೋಲ್ಟೇಜ್‌ಗಿಂತ ಕೆಳಗಿನ ಸ್ಥಿತಿ) ಹತ್ತಿರ ಓಡುವಂತೆ ಮಾಡಿದರೆ ಸ್ವಲ್ಪ ಉಸಿರಾಡಬಹುದು. ಅಥವಾ ತ್ರೆಶೋಲ್ಡ್ ಕಡಿಮೆ ಇರುವ ಟ್ರಾನ್ಸಿಸ್ಟರ್ ಪಿಡಿಕೆಯಲ್ಲಿ ಇದ್ದರೆ ಅದನ್ನು ಬಳಸಿ.

ಗೇನ್ ಎಷ್ಟು ಬೇಕು? ಇದಕ್ಕೂ ಲೆಕ್ಕ ಇದೆ. ಪಿಮಾಸ್ ಗೇಟ್ ಎಲ್ಲ ಪರಿಸ್ಥಿತಿಯಲ್ಲೂ ಸೇರಿ 0.3 ವೋಲ್ಟ್ ಓಡಾಡಿದರೆ, 60 ಡಿಬಿ (ಸಾವಿರ ಪಟ್ಟು) ಗೇನ್‌ನಲ್ಲಿ ಇನ್‌ಪುಟ್ ತಪ್ಪು 0.3 ಮಿಲಿವೋಲ್ಟ್. ಔಟ್‌ಪುಟ್‌ನಲ್ಲಿ ಹತ್ತು ಪಟ್ಟು, 3 ಮಿಲಿವೋಲ್ಟ್. ನಮ್ಮ ಹತ್ತಿರ ಉಳಿದಿದ್ದೇ ಎರಡು. ಹಾಗಾಗಿ 80 ಡಿಬಿ ಹತ್ತಿರ ಬೇಕು.

ಇನ್ನು ಆಫ್‌ಸೆಟ್, ಅಂದರೆ ಆಪ್‌ಆಂಪ್‌ನ ಎರಡು ಇನ್‌ಪುಟ್‌ಗಳ ನಡುವೆ ಉಳಿದುಬಿಡುವ ವ್ಯತ್ಯಾಸ. ಒಂದೇ ಅಳತೆಯ ಎರಡು ಟ್ರಾನ್ಸಿಸ್ಟರ್ ಅಕ್ಕಪಕ್ಕ ಇಟ್ಟರೂ ಒಂದೇ ಥರ ಇರುವುದಿಲ್ಲ. ಅವಳಿ ಮಕ್ಕಳ ಹಾಗೆ. ಫಿಲಿಪ್ಸ್‌ನ ಪೆಲ್‌ಗ್ರಾಮ್ ಮತ್ತು ಜೊತೆಗಾರರು 1989ರಲ್ಲಿ ಕೊಟ್ಟ ನಿಯಮದ ಪ್ರಕಾರ ಈ ವ್ಯತ್ಯಾಸ ಏರಿಯಾದ ವರ್ಗಮೂಲಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಆ ನಿಯಮದಲ್ಲಿ ತಯಾರಿಕೆಯ ಪ್ರೊಸೆಸ್‌ಗೆ ತಕ್ಕ ಒಂದು ಸಂಖ್ಯೆ ಬರುತ್ತದೆ, ಅದು 5 ಮಿಲಿವೋಲ್ಟ್-ಮೈಕ್ರಾನ್ ಅಂತ ಇಟ್ಟುಕೊಳ್ಳಿ. 100 ಚದರ ಮೈಕ್ರಾನ್ ಟ್ರಾನ್ಸಿಸ್ಟರ್‌ಗೆ ಒಂದು ಸಿಗ್ಮಾ (ಸ್ಟ್ಯಾಂಡರ್ಡ್ ಡೀವಿಯೇಶನ್) 0.5 ಮಿಲಿವೋಲ್ಟ್. ಮೂರು ಸಿಗ್ಮಾ 1.5. ಔಟ್‌ಪುಟ್‌ನಲ್ಲಿ ಹತ್ತು ಪಟ್ಟು, 15 ಮಿಲಿವೋಲ್ಟ್.

"ಅಯ್ಯೋ, ಟ್ರಿಮ್ ಮಾಡಿದರೆ ಆಯಿತು" ಅಂತ ನಾನು ರಿವ್ಯೂನಲ್ಲಿ ಧೈರ್ಯವಾಗಿ ಹೇಳಿದೆ. ಅಂದರೆ ಚಿಪ್ ತಯಾರಾದ ಮೇಲೆ ಟ್ರಿಮ್ ಬಿಟ್‌ಗಳಿಂದ ದೊಡ್ಡ ರೆಸಿಸ್ಟರ್ ಬದಲಿಸಿ 1.22ಕ್ಕೆ ತಂದುಬಿಡುವುದು. ಲೀಡ್ ಮಾರ್ಕರ್ ನನ್ನ ಕೈಗೆ ಕೊಟ್ಟರು. ಬೋರ್ಡ್ ಮೇಲೆ ಬರೆದಾಗ ಗೊತ್ತಾಯಿತು. ಆಫ್‌ಸೆಟ್ ತಾಪಮಾನಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಆದರೆ ರೆಸಿಸ್ಟರ್ ಮೂಲಕ ನಾನು ಕಳೆಯುವುದು ತಾಪಮಾನದ ಜೊತೆ ಏರುವ ವೋಲ್ಟೇಜ್. 300 ಕೆಲ್ವಿನ್‌ನಲ್ಲಿ 15 ಕಳೆದು ಸರಿ ಮಾಡಿದರೆ, 125 ಡಿಗ್ರಿಯಲ್ಲಿ ಸುಮಾರು 20 ಕಳೆಯುತ್ತದೆ. ಮೈನಸ್ 40ರಲ್ಲಿ 12ರ ಹತ್ತಿರ ಮಾತ್ರ. ಚಳಿಯಿಂದ ಬಿಸಿವರೆಗೆ 8 ಮಿಲಿವೋಲ್ಟ್ ಇಳಿಜಾರು ನಾನೇ ಹುಟ್ಟಿಸಿದಂತಾಯಿತು. ಒಂದೇ ತಾಪಮಾನದಲ್ಲಿ ನೋಡಿದರೆ ಚಿಪ್ ಅಪ್ಪಟ ಚಿನ್ನ. ಓವನ್‌ಗೆ ಹಾಕಿದರೆ ಬಣ್ಣ ಬಯಲು.

ಇದಕ್ಕೆ ದಾರಿಗಳಿವೆ. ಟ್ರಾನ್ಸಿಸ್ಟರ್ ಅನುಪಾತ 8ರ ಬದಲು 24 ಮಾಡಿದರೆ ಲಾಗ್ 3.18 ಆಗುತ್ತದೆ, ಆ ಹತ್ತು ಪಟ್ಟು 6.5ಕ್ಕೆ ಇಳಿಯುತ್ತದೆ. ಆದರೆ ಜಾಗ ಬೇಕು. ಎರಡು ತಾಪಮಾನದಲ್ಲಿ ಟ್ರಿಮ್ ಮಾಡಬಹುದು. ಆದರೆ ಟೆಸ್ಟ್ ಸಮಯ ಹೆಚ್ಚುತ್ತದೆ, ಲಕ್ಷಗಟ್ಟಲೆ ಚಿಪ್‌ಗೆ ಆ ಖರ್ಚನ್ನು ಯಾರೂ ಒಪ್ಪಲ್ಲ. ನಾವು ಮಾಡಿದ್ದು ಚಾಪಿಂಗ್. ಕ್ಲಾಕ್‌ನಿಂದ ಇನ್‌ಪುಟ್‌ಗಳನ್ನು ಅದಲುಬದಲು ಮಾಡುತ್ತಾ ಇದ್ದರೆ ಆಫ್‌ಸೆಟ್ ಒಮ್ಮೆ ಪ್ಲಸ್ ಒಮ್ಮೆ ಮೈನಸ್ ಆಗಿ ಸರಾಸರಿ ಸೊನ್ನೆಗೆ ಬರುತ್ತದೆ. ಉಳಿದ ಏರಿಳಿತವನ್ನು ಫಿಲ್ಟರ್ ನುಂಗುತ್ತದೆ. ಬೆಲೆ ಅಂದರೆ ಕ್ಲಾಕ್ ಬೇಕು, ರಿಪಲ್ ನೋಡಿಕೊಳ್ಳಬೇಕು.

ಮೇಲಿನ ಪಿಮಾಸ್ ಕನ್ನಡಿಯನ್ನೂ, ಅಂದರೆ ಮೂರು ಕವಲಿಗೂ ಒಂದೇ ಕರೆಂಟ್ ಕೊಡುವ ಆ ಮೂರು ಪಿಮಾಸ್‌ಗಳನ್ನೂ, ಮರೆಯಬೇಡಿ. ಅದಕ್ಕೆ ಜಿಎಂ ಬೈ ಐಡಿ (ಗೇಟ್ ವೋಲ್ಟೇಜ್‌ಗೆ ಕರೆಂಟ್ ಬದಲಾಗುವ ದರವನ್ನು ಆ ಕರೆಂಟ್‌ನಿಂದಲೇ ಭಾಗಿಸಿದ್ದು) ಕಡಿಮೆ ಇಡಿ, 8–10ರ ಹತ್ತಿರ. ಹತ್ತು ಇದ್ದಾಗ 1 ಮಿಲಿವೋಲ್ಟ್ ವ್ಯತ್ಯಾಸಕ್ಕೆ ಕರೆಂಟ್ 1 ಪ್ರತಿಶತ ತಪ್ಪುತ್ತದೆ. ಇಪ್ಪತ್ತು ಇಟ್ಟರೆ ಎರಡು ಪ್ರತಿಶತ. ಔಟ್‌ಪುಟ್ ಕವಲಿನಲ್ಲಿ ಒಂದು ಪ್ರತಿಶತ ಅಂದರೆ 5 ಮಿಲಿವೋಲ್ಟ್‌ಗಿಂತ ಜಾಸ್ತಿ. ಇನ್‌ಪುಟ್ ಜೋಡಿಗೆ ಇದರ ಉಲ್ಟಾ, 18–20 ಇರಲಿ.

ಹಂತ 4: ಸ್ಟಾರ್ಟ್‌ಅಪ್

ಈ ಸರ್ಕ್ಯೂಟ್‌ಗೆ ಎರಡು ನೆಮ್ಮದಿಯ ಸ್ಥಿತಿಗಳಿವೆ. ಒಂದು, 5 ಮೈಕ್ರೋಆಂಪ್. ಇನ್ನೊಂದು, ಸೊನ್ನೆ. ಸೊನ್ನೆ ಕರೆಂಟ್‌ನಲ್ಲಿ ಎರಡೂ ಕವಲು ಸೊನ್ನೆ ವೋಲ್ಟ್. ಆಪ್‌ಆಂಪ್‌ಗೆ ಎಲ್ಲವೂ ಸಮ ಅಂತಲೇ ಕಾಣುತ್ತದೆ. ಯಾರೋ ಒಬ್ಬರು ತಳ್ಳಬೇಕು. ಹಳೆ ಸ್ಕೂಟರ್ ತಳ್ಳಿ ಸ್ಟಾರ್ಟ್ ಮಾಡುವ ಹಾಗೆ. ಎಂಜಿನ್ ಹಿಡಿದ ಮೇಲೆ ತಳ್ಳುವವನು ಕೈ ಬಿಡಬೇಕು. ಬಿಡದೆ ಹಿಡಿದೇ ಇದ್ದರೆ ಆ ಚಿಲ್ಲರೆ ಕರೆಂಟ್ ನಿಮ್ಮ ರೆಫರೆನ್ಸ್ ಅನ್ನು ಕೆಡಿಸುತ್ತದೆ.

ಮೋಸ ಎಲ್ಲಿದೆ ಅಂದರೆ ಡಿಸಿ ಸಿಮ್ಯುಲೇಶನ್‌ನಲ್ಲಿ. ಅದು ಒಂದು ಉತ್ತರ ಹುಡುಕಿ ನಿಲ್ಲುತ್ತದೆ, ಹೆಚ್ಚಿನ ಸಲ ಒಳ್ಳೆಯ ಉತ್ತರವನ್ನೇ. ಸ್ಟಾರ್ಟ್‌ಅಪ್ ಸರ್ಕ್ಯೂಟ್ ಇಲ್ಲದಿದ್ದರೂ 1.22 ತೋರಿಸುತ್ತದೆ. ನೀವು ಕಾಫಿಗೆ ಹೋಗುತ್ತೀರಿ. ಆದ್ದರಿಂದ ಟ್ರಾನ್ಸಿಯೆಂಟ್‌ನಲ್ಲಿ, ಅಂದರೆ ಕಾಲದ ಜೊತೆ ಸಾಗುವ ಸಿಮ್ಯುಲೇಶನ್‌ನಲ್ಲಿ, ಸಪ್ಲೈಯನ್ನು ಸೊನ್ನೆಯಿಂದ ಏರಿಸಿ ನೋಡಿ. 1 ಮೈಕ್ರೋಸೆಕೆಂಡಿನಲ್ಲಿ ಏರಿಸಿ, 10 ಮಿಲಿಸೆಕೆಂಡಿನಲ್ಲಿ ಏರಿಸಿ. ನಿಧಾನದ ಏರಿಕೆಯೇ ಹೆಚ್ಚಾಗಿ ಕೈಕೊಡುವುದು. ಸ್ಲೋ ಕಾರ್ನರ್ (ತಯಾರಿಕೆಯ ಏರುಪೇರಿನಲ್ಲಿ ಟ್ರಾನ್ಸಿಸ್ಟರ್‌ಗಳು ನಿಧಾನವಾಗಿ ಬಂದ ತುದಿ), ಮೈನಸ್ 40, 1.62 ವೋಲ್ಟ್, ಇವು ಮೂರೂ ಒಟ್ಟಿಗೆ ಇರಲಿ. ಆಮೇಲೆ ಸಪ್ಲೈ ಅರ್ಧ ವೋಲ್ಟ್‌ಗೆ ಕುಸಿದು ಮತ್ತೆ ಏರುವುದನ್ನೂ ಮಾಡಿ. ಕೆಪ್ಯಾಸಿಟರ್‌ಗಳಲ್ಲಿ ಹಳೆ ಚಾರ್ಜ್ ಉಳಿದಾಗ ಸ್ಟಾರ್ಟ್‌ಅಪ್ ಸರ್ಕ್ಯೂಟ್ ಇನ್ನೂ ಎಂಜಿನ್ ಓಡುತ್ತಿದೆ ಅಂದುಕೊಂಡು ಸುಮ್ಮನೆ ಕೂರಬಹುದು.

ಇನ್ನೊಂದು ಸಂಗತಿ. ಸಿಮ್ಯುಲೇಟರ್ ತನ್ನ ಅನುಕೂಲಕ್ಕೆ ಜಂಕ್ಷನ್‌ಗಳಿಗೆ ಚಿಕ್ಕ ಲೀಕೇಜ್ ಸೇರಿಸಿಕೊಂಡಿರುತ್ತದೆ, ಜಿಮಿನ್ ಅಂತ. ಕೆಲವೊಮ್ಮೆ ನಿಮ್ಮ ಸರ್ಕ್ಯೂಟ್ ಶುರುವಾಗುವುದು ಆ ಸುಳ್ಳು ಲೀಕೇಜ್‌ನಿಂದ. ಅದನ್ನು ಸಾವಿರ ಪಟ್ಟು ಕಡಿಮೆ ಮಾಡಿ ಇನ್ನೊಂದು ಸಲ ಓಡಿಸಿ.

ಇಂಟರ್‌ವ್ಯೂಗೆ ಬರುವವರಿಗೆ ನನ್ನ ಕಿವಿಮಾತು ಇದೇ. ಸರ್ಟಿಫಿಕೇಟ್ ಪಟ್ಟಿಗಿಂತ, ಸ್ಟಾರ್ಟ್ ಆಗದ ಒಂದು ವೇವ್‌ಫಾರ್ಮ್ ತೋರಿಸಿ, ಯಾಕೆ ಆಗಲಿಲ್ಲ, ಹೇಗೆ ಸರಿ ಮಾಡಿದೆ ಅಂತ ಹೇಳಿ. ಕೇಳುವವರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಹಂತ 5: ಕಾರ್ನರ್ ಮತ್ತು ಮಾಂಟೆ ಕಾರ್ಲೊ

ಮಾಸ್‌ಫೆಟ್ ಕಾರ್ನರ್ ಐದು, ತಾಪಮಾನ ಮೂರು, ಸಪ್ಲೈ ಮೂರು. 45 ಆಯಿತು. ರೆಸಿಸ್ಟರ್‌ಗೆ ಮೂರು, ಬೈಪೋಲಾರ್‌ಗೆ ಮೂರು ಸೇರಿಸಿದರೆ 405. ಸ್ಕ್ರಿಪ್ಟ್ ಬರೆದು ರಾತ್ರಿ ಓಡಿಸಿ. ಪೈಥಾನ್ ಬಂದರೆ ಸಾಕು. ಬೆಳಿಗ್ಗೆ ಬಂದು "ಎಲ್ಲ ಪಾಸ್" ಅಂತ ಹಸಿರು ಬಣ್ಣ ನೋಡಿ ಖುಷಿಪಡಬೇಡಿ. ಅತಿ ಕೆಟ್ಟ ಐದನ್ನು ತೆರೆದು ಪ್ರತಿ ಟ್ರಾನ್ಸಿಸ್ಟರ್ ಸ್ಯಾಚುರೇಶನ್‌ನಲ್ಲಿ ಇದೆಯಾ ನೋಡಿ. ಆ 20 ಮಿಲಿವೋಲ್ಟ್ ಉಳಿತಾಯ ಅಲ್ಲೇ ಕಾಣಿಸಿಕೊಳ್ಳುವುದು.

ಮಾಂಟೆ ಕಾರ್ಲೊ (ಟ್ರಾನ್ಸಿಸ್ಟರ್‌ಗಳ ನಡುವಿನ ವ್ಯತ್ಯಾಸವನ್ನು ಲಾಟರಿಯಂತೆ ಬದಲಿಸಿ ನೂರಾರು ಸಲ ಮಾಡುವ ಸಿಮ್ಯುಲೇಶನ್) ಓಡಿಸುವ ಮೊದಲು ನಿಮ್ಮ ಅಂದಾಜು ಬರೆದಿಡಿ. ಚಾಪಿಂಗ್ ಇಲ್ಲದೆ ಆಪ್‌ಆಂಪ್ ಒಂದರಿಂದಲೇ ಒಂದು ಸಿಗ್ಮಾ 5 ಮಿಲಿವೋಲ್ಟ್ ಬರಬೇಕು. ಸಿಮ್ಯುಲೇಟರ್ 0.4 ಅಂದರೆ ಹಬ್ಬ ಮಾಡಬೇಡಿ, ಮಿಸ್‌ಮ್ಯಾಚ್ ಮಾಡೆಲ್ ಆನ್ ಆಗಿಲ್ಲ ಅಷ್ಟೇ. ಈ ತಪ್ಪನ್ನು ಅನುಭವಿಗಳೂ ಮಾಡುತ್ತಾರೆ. ಲೂಪ್ ತಾನಾಗಿ ಓಲಾಡದಂತೆ ಇರುವ ಅಂತರ, ಅಂದರೆ ಫೇಸ್ ಮಾರ್ಜಿನ್, 60 ಡಿಗ್ರಿ ಹತ್ತಿರ ಇದೆಯಾ, ಸಪ್ಲೈ ಗಲಾಟೆ ಔಟ್‌ಪುಟ್‌ಗೆ ಎಷ್ಟು ಬರುತ್ತದೆ, ಇವನ್ನೂ ಇಲ್ಲೇ ಮುಗಿಸಿ.

ಹಂತ 6: ಲೇಔಟ್ ಮಾಡುವವರ ಪಕ್ಕ ಕೂರಿ

ಹೆಚ್ಚಿನ ಕಂಪನಿಗಳಲ್ಲಿ ಲೇಔಟ್ ಬೇರೆಯವರು ಮಾಡುತ್ತಾರೆ. ಸ್ಕೀಮ್ಯಾಟಿಕ್ ಮೇಲ್ ಕಳಿಸಿ ಕೈ ತೊಳೆದುಕೊಳ್ಳುವ ಡಿಸೈನರ್‌ಗಳಿದ್ದಾರೆ. ಆಮೇಲೆ ಅತ್ತರೆ ಪ್ರಯೋಜನವಿಲ್ಲ. ಪಕ್ಕದಲ್ಲಿ ಕೂತು ಯಾವುದು ಯಾವುದಕ್ಕೆ ಹೊಂದಬೇಕು, ಯಾವ ವೈರ್ ಸೂಕ್ಷ್ಮ ಅಂತ ಹೇಳಿ.

ಒಂಬತ್ತು ಬೈಪೋಲಾರ್‌ಗಳನ್ನು ಮೂರು ಸಾಲು ಮೂರು ಕಂಬ ಇಡಿ. ನಡುವಿನದು ಒಂಟಿ ಟ್ರಾನ್ಸಿಸ್ಟರ್, ಸುತ್ತಲಿನ ಎಂಟು ಸೇರಿ ಎಂಟು ಪಟ್ಟಿನದು. ರಂಗೋಲಿಯ ಚುಕ್ಕಿ ಇಟ್ಟ ಹಾಗೆ. ಎಡದಿಂದ ಬಲಕ್ಕೆ ಪ್ರೊಸೆಸ್ ಸ್ವಲ್ಪ ಬದಲಾದರೂ ಎರಡಕ್ಕೂ ಸರಾಸರಿ ಒಂದೇ ಆಗುತ್ತದೆ. ರೆಸಿಸ್ಟರ್ ತುಂಡುಗಳನ್ನು ಬೆರೆಸಿ ಇಡಿ, ಎರಡು ತುದಿಗೂ ಕೆಲಸವಿಲ್ಲದ ಡಮ್ಮಿ ತುಂಡು ಇರಲಿ. ಹೊಂದಬೇಕಾದ ಟ್ರಾನ್ಸಿಸ್ಟರ್‌ಗಳ ಮೇಲೆ ಮೆಟಲ್ ಫಿಲ್ (ಖಾಲಿ ಜಾಗ ತುಂಬಲು ಹಾಕುವ ಲೋಹದ ತುಂಡುಗಳು) ತಾನಾಗಿ ಬೀಳದಂತೆ ತಡೆಯಿರಿ.

ಗ್ರೌಂಡ್ ಬಗ್ಗೆ ಹಠ ಹಿಡಿಯಿರಿ. ಡಿಜಿಟಲ್‌ನವರ 10 ಮಿಲಿಆಂಪ್ ಹರಿಯುವ ಗ್ರೌಂಡ್ ವೈರ್‌ನಲ್ಲಿ ಅರ್ಧ ಓಮ್ ಇದ್ದರೆ 5 ಮಿಲಿವೋಲ್ಟ್ ಬೀಳುತ್ತದೆ. ನಿಮ್ಮ ಇಡೀ ತಿಂಗಳ ಸಂಬಳ ಒಂದು ವೈರ್‌ಗೆ ಹೋಯಿತು! ಬ್ಯಾಂಡ್‌ಗ್ಯಾಪ್‌ನ ಗ್ರೌಂಡ್ ಬೇರೆಯಾಗಿ ಪ್ಯಾಡ್‌ವರೆಗೆ ಹೋಗಲಿ.

ಡಿಆರ್‌ಸಿ (ಫೌಂಡ್ರಿ ನಿಯಮಗಳ ತಪಾಸಣೆ), ಎಲ್‌ವಿಎಸ್ (ಲೇಔಟ್-ಸ್ಕೀಮ್ಯಾಟಿಕ್ ತಾಳೆ) ಮುಗಿದ ಮೇಲೆ ಲೇಔಟ್‌ನಿಂದ ಪ್ಯಾರಸಿಟಿಕ್‌ಗಳನ್ನು, ಅಂದರೆ ವೈರ್‌ಗಳದೇ ರೆಸಿಸ್ಟೆನ್ಸ್ ಕೆಪ್ಯಾಸಿಟೆನ್ಸ್‌ಗಳನ್ನು, ಲೆಕ್ಕಕ್ಕೆ ತೆಗೆದುಕೊಂಡು ಕೆಟ್ಟ ಕಾರ್ನರ್‌ಗಳನ್ನು ಮತ್ತೆ ಓಡಿಸಿ. ಸ್ಟಾರ್ಟ್‌ಅಪ್ ಅಂತೂ ಬಿಡಲೇಬೇಡಿ.

ಹಂತ 7: ಡಿಜಿಟಲ್‌ನವರ ಜೊತೆ ಸಂಸಾರ

ಮಿಕ್ಸೆಡ್-ಸಿಗ್ನಲ್ ಅಂದರೆ ಇದೇ. ನಿಮ್ಮ ಟ್ರಿಮ್ ಬಿಟ್‌ಗಳು ಡಿಜಿಟಲ್‌ನಿಂದ ಬರಬೇಕು. ಡಿಜಿಟಲ್‌ಗೆ ಸಪ್ಲೈ ಕೊಡುವುದು ಎಲ್‌ಡಿಒ ಅನ್ನುವ ವೋಲ್ಟೇಜ್ ರೆಗ್ಯುಲೇಟರ್. ಎಲ್‌ಡಿಒಗೆ ರೆಫರೆನ್ಸ್ ಕೊಡುವುದು ನಿಮ್ಮ ಬ್ಯಾಂಡ್‌ಗ್ಯಾಪ್. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಚಾಪಿಂಗ್ ಕ್ಲಾಕ್ ಕಥೆಯೂ ಅಷ್ಟೇ. ಆಸಿಲೇಟರ್ ಎದ್ದ ಮೇಲಲ್ವಾ ಅದು ಬರುವುದು?

ಹಾಗಾಗಿ ಟ್ರಿಮ್ ಬಿಟ್‌ಗಳು ಬರುವ ಮೊದಲು, ಕ್ಲಾಕ್ ಇಲ್ಲದಾಗ, ಬ್ಯಾಂಡ್‌ಗ್ಯಾಪ್ ಎಷ್ಟು ಕೊಡುತ್ತದೆ ಅಂತ ಪ್ರತ್ಯೇಕ ಸ್ಪೆಕ್ ಬರೆಯಿರಿ. ಆ ಒರಟು ವೋಲ್ಟೇಜ್‌ನಲ್ಲೂ ಎಲ್‌ಡಿಒ ಔಟ್‌ಪುಟ್ ಡಿಜಿಟಲ್ ಎದ್ದೇಳುವಷ್ಟು ಇರಬೇಕು, ಸುಡುವಷ್ಟು ಇರಬಾರದು. ಬೇರೆ ಸಪ್ಲೈನಿಂದ ಬರುವ ಪ್ರತಿ ಬಿಟ್‌ಗೂ ಲೆವೆಲ್ ಶಿಫ್ಟರ್ (ಒಂದು ಸಪ್ಲೈನ ಸಿಗ್ನಲ್ ಅನ್ನು ಇನ್ನೊಂದರ ಮಟ್ಟಕ್ಕೆ ತರುವ ಸರ್ಕ್ಯೂಟ್) ಇರಲಿ. ಆ ಸಪ್ಲೈ ಇಲ್ಲದಾಗ ಅದು ಯಾವ ಕಡೆ ವಾಲುತ್ತದೆ ಅನ್ನುವುದನ್ನು ನೀವೇ ತೀರ್ಮಾನಿಸಿ, ಅದೃಷ್ಟಕ್ಕೆ ಬಿಡಬೇಡಿ. ಪವರ್‌ಡೌನ್ ಬಿಟ್ ತಪ್ಪು ಕಡೆ ವಾಲಿದರೆ ಚಿಪ್ ಏಳುವುದೇ ಇಲ್ಲ.

ಡಿಜಿಟಲ್ ವೆರಿಫಿಕೇಶನ್‌ನವರಿಗೆ ನಿಮ್ಮ ಬ್ಲಾಕ್‌ನ ಒಂದು ಸರಳ ಮಾಡೆಲ್ ಬರೆದುಕೊಡಬೇಕು, ವೆರಿಲಾಗ್ ಅನ್ನುವ ಹಾರ್ಡ್‌ವೇರ್ ಭಾಷೆಯಲ್ಲಿ. ಯಾರಿಗೂ ಇಷ್ಟವಿಲ್ಲದ ಕೆಲಸ. ಆದರೆ ಬಿಟ್‌ಗಳ ಕ್ರಮ ಉಲ್ಟಾ ಆಗಿದ್ದು ಸಿಕ್ಕಿಬೀಳುವುದು ಇಲ್ಲೇ. ಮಾಡೆಲ್‌ನಲ್ಲಿ ಸ್ಟಾರ್ಟ್‌ಅಪ್ ಸಮಯವನ್ನೂ ಹಾಕಿ. ಕ್ಷಣದಲ್ಲಿ 1.22 ಬಂದುಬಿಡುವ ಮಾಡೆಲ್ ಕೊಟ್ಟರೆ ಅವರ ಟೆಸ್ಟ್‌ಗಳೆಲ್ಲ ಸುಳ್ಳು ಪಾಸ್.

ಹಂತ 8: ಚಿಪ್ ವಾಪಸ್ ಬಂತು

ಟೇಪ್‌ಔಟ್ ಆದ ಮೇಲೆ ತಿಂಗಳುಗಟ್ಟಲೆ ಕಾಯಬೇಕು. ಆ ಸಮಯದಲ್ಲಿ ಟೆಸ್ಟ್ ಬೋರ್ಡ್ ಮಾಡಿಸಿ, ಯಾವ ಪಿನ್‌ನಲ್ಲಿ ಎಷ್ಟು ಬರಬೇಕು ಅಂತ ಒಂದು ಹಾಳೆ ಬರೆದಿಡಿ. ಮೊದಲ ಸಲ ಆನ್ ಮಾಡುವಾಗ ಪವರ್ ಸಪ್ಲೈಗೆ ಕರೆಂಟ್ ಮಿತಿ ಹಾಕಿ. ಶಾರ್ಟ್ ಇದ್ದರೂ ಚಿಪ್ ಉಳಿಯುತ್ತದೆ.

ಮುಚ್ಚಳವಿಲ್ಲದ ಪ್ಯಾಕೇಜ್ ಆದರೆ ಮೇಲೆ ಕಪ್ಪು ಟೇಪ್ ಅಂಟಿಸಿ. ಸಿಲಿಕಾನ್‌ಗೆ ಬೆಳಕು ಬಿದ್ದರೆ ಕರೆಂಟ್ ಹುಟ್ಟುತ್ತದೆ. 2015ರಲ್ಲಿ ರಾಸ್ಪ್‌ಬೆರಿ ಪೈ 2 ಬೋರ್ಡ್ ಕ್ಯಾಮೆರಾದ ಝೆನಾನ್ ಫ್ಲ್ಯಾಶ್ ಹೊಡೆದರೆ ಆಫ್ ಆಗುತ್ತಿತ್ತು. ಪವರ್ ಚಿಪ್‌ನ ಸಿಲಿಕಾನ್‌ಗೆ ಪ್ಲಾಸ್ಟಿಕ್ ಹೊದಿಕೆ ಇರಲಿಲ್ಲ, ಬೆಳಕು ನೇರ ಬೀಳುತ್ತಿತ್ತು.

ಈಗ ನನ್ನ ಕಥೆ. ಮೂರು ಚಿಪ್ ಅಳೆದೆ. 1.204, 1.209, 1.208. ಬರಬೇಕಾದ್ದು 1.22ರ ಸುತ್ತ. ಮೂರೂ ಕಡಿಮೆ. ನನ್ನ ಎದೆ ಡವಡವ. ರೆಸಿಸ್ಟರ್ ಅನುಪಾತ ತಪ್ಪಾಯಿತಾ? ಎಲ್‌ವಿಎಸ್ ಮತ್ತೆ ಓಡಿಸಿದೆ. ಲೇಔಟ್ ತೆರೆದು ತುಂಡುಗಳನ್ನು ಎಣಿಸಿದೆ. ಸಿಮ್ಯುಲೇಟರ್‌ನಲ್ಲಿ ಎಷ್ಟು ತಡಕಾಡಿದರೂ ಸಿಗಲಿಲ್ಲ.

ಸಂಜೆ ಲೀಡ್ ಲ್ಯಾಬ್‌ಗೆ ಬಂದರು. ಚಿಪ್ ಕಡೆ ನೋಡಲೇ ಇಲ್ಲ. ನನ್ನ ಹಳೆ ನೋಟ್‌ಬುಕ್ ಕೇಳಿದರು. ಆ ಎರಡು ದಿನದ ಕೈಲೆಕ್ಕದ ಪುಟ ತೆಗೆದು, "ನಿನ್ನ ಔಟ್‌ಪುಟ್ ಇಂಪೀಡೆನ್ಸ್ ಎಷ್ಟು ಬರೆದಿದ್ದೀಯಾ?" ಅಂದರು.

"108 ಪ್ಲಸ್ 5. 113 ಕಿಲೋಓಮ್."

"ಮೀಟರ್ ಒಳಗೆ ಎಷ್ಟಿದೆ?"

ಹತ್ತು ಮೆಗಾಓಮ್. ಟೆಸ್ಟ್ ಪಿನ್‌ಗೆ ನಾನು ಬಫರ್ ಹಾಕಿರಲಿಲ್ಲ. 113 ಕಿಲೋಓಮ್‌ಗೆ 10 ಮೆಗಾಓಮ್ ಹಚ್ಚಿದರೆ 1.1 ಪ್ರತಿಶತ ಬೀಳುತ್ತದೆ, ಅಂದರೆ 13–14 ಮಿಲಿವೋಲ್ಟ್. ಮೀಟರ್‌ನ ಮೆನುವಿನಲ್ಲಿ ಹೈ-ಇಂಪೀಡೆನ್ಸ್ ಆಯ್ಕೆ ಇತ್ತು. ಒತ್ತಿದೆ. 1.218, 1.223, 1.222.

ನಿಮ್ಮ ಚಿಪ್‌ನಲ್ಲಿ ಟೆಸ್ಟ್ ಬಫರ್ ಹಾಕಿ. ಆದರೆ ಅದರ ಆಫ್‌ಸೆಟ್ ಬೇರೆಯಾಗಿ ಅಳೆಯುವ ದಾರಿಯೂ ಇರಲಿ. ಕೋಣೆಯ ತಾಪಮಾನದಲ್ಲಿ ಟ್ರಿಮ್ ಮುಗಿದ ಮೇಲೆ ಓವನ್‌ಗೆ ಹೋಗಿ. ಥರ್ಮೋಕಪಲ್ (ತಾಪಮಾನ ಅಳೆಯುವ ವೈರ್) ಅನ್ನು ಚಿಪ್‌ಗೇ ತಾಗುವಂತೆ ಅಂಟಿಸಿ, ಓವನ್‌ನ ಪರದೆ ತೋರಿಸುವ ಸಂಖ್ಯೆಯನ್ನು ನಂಬಬೇಡಿ. ಬಿಸಿಯಿಂದ ಶುರು ಮಾಡಿ, ಬೋರ್ಡ್ ಒಣಗುತ್ತದೆ. ಮೈನಸ್ 40ಕ್ಕೆ ಇಳಿಸುವಾಗ ಒಣ ಗಾಳಿ ಹಾಯಿಸಿ. ಇಲ್ಲದಿದ್ದರೆ ಬೋರ್ಡ್ ಮೇಲೆ ಮಂಜು ಕಟ್ಟಿ, ಆ ತೇವವೇ 113 ಕಿಲೋಓಮ್‌ಗೆ ಇನ್ನೊಂದು ಮೀಟರ್ ಆಗುತ್ತದೆ. ಪ್ರತಿ ತಾಪಮಾನದಲ್ಲೂ ಓದು ನಿಲ್ಲುವವರೆಗೆ ಕಾಯಿರಿ. ಬಟ್ಟಲು ಬೋರಲಾಗಿ ಬಂದರೆ ಫೋಟೋ ತೆಗೆದು ಲೇಔಟ್‌ನವರಿಗೂ ಕಳಿಸಿ.